ಇನ್ಕೆರಿಯ ಟಕಟಕ ಕೀಬೋರ್ಡ್

ಕಿವಿ ಹೋದವರ ಪಕ್ಕ ಕುಳಿತು, ಸುತ್ತಲಿನವರು ಆಡಿದ್ದನ್ನೆಲ್ಲ ಅವರು ಓದುವಂತೆ ತೆರೆಯ ಮೇಲೆ ಟೈಪು ಮಾಡುವುದು ಇನ್ಕೆರಿಯ ಕೆಲಸ. ದಿನವಿಡೀ ಬೆರಳು ಸವೆಸುವವಳಿಗೆ ಒಳ್ಳೆಯ ಕೀಬೋರ್ಡಿನ ಆಸೆಯಾದರೆ ತಪ್ಪೇನಿಲ್ಲ. ತಾಂಪೆರೆ ಪಟ್ಟಣದ ಅಂಗಡಿಯಲ್ಲಿ ಅವಳು ಒಂದೊಂದನ್ನೇ ಒತ್ತಿ ನೋಡುತ್ತ ಮಧ್ಯಾಹ್ನ ಕಳೆದಳು. ಒಂದು, ಹಿಟ್ಟಿನ ಮುದ್ದೆಗೆ ಬೆರಳಿಟ್ಟಂತೆ ಮೆತ್ತಗೆ. ಇನ್ನೊಂದು ಬರೀ ಬಿರುಸು. ಕೊನೆಯದು ಮಾತ್ರ ಒತ್ತಿದಾಗ ತುಸು ತಡೆದು, ಹಸಿ ಬಟಾಣಿಕಾಯಿ ಒಡೆದ ಹಾಗೆ ಟಕ್ಕೆಂದಿತು. ಅವಳ ಮೈಯೆಲ್ಲ ಹಿತವಾಯಿತು.

"ಇದು ಸದ್ದು ಜಾಸ್ತಿ ರೀ. ಪಕ್ಕದಲ್ಲಿ ಕೂರೋರು ಬೈಯಲ್ವಾ?" ಎಂದ ಅಂಗಡಿಯವನು.

"ನನ್ನ ಪಕ್ಕ ಕೂರೋರಿಗೆ ಕಿವೀನೇ ಕೇಳಲ್ಲ ಬಿಡಿ!" ಎಂದು ನಕ್ಕು, ಅದನ್ನೇ ಕೊಂಡಳು. ಕೋಣೆಯಲ್ಲಿ ಉಳಿದವರಿಗೂ ಕಿವಿ ಇರುತ್ತದೆಂಬುದು ಆ ಜಾಣೆಗೆ ಹೊಳೆಯಲೇ ಇಲ್ಲ.

ಮರುವಾರ, ಅವಳು ಟೈಪು ಮಾಡಿಕೊಡುತ್ತಿದ್ದವರಲ್ಲಿ ಒಬ್ಬನಾದ ವೋಯಿತ್ತೊ ಇರುವ ಕಟ್ಟಡದ ನಿವಾಸಿಗಳ ಸಭೆಯಿತ್ತು. ವೋಯಿತ್ತೊ ಒಂದು ಕಾಲಕ್ಕೆ ಬಸ್ಸು ಓಡಿಸುತ್ತಿದ್ದವನು. ಕಾಯಿಲೆಯಲ್ಲಿ ಕಿವಿ ಹೋಯಿತು. ತನ್ನ ದನಿ ಎಷ್ಟು ಜೋರೆಂದು ತನಗೇ ತಿಳಿಯದೆ, ಜನರೆದುರು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ಆದರೆ ಅಂದು, ಅವನು ದಿನಾ ಹೋಗಿ ಕೂರುತ್ತಿದ್ದ ನೆಲಮಾಳಿಗೆಯ ಮರಗೆಲಸದ ಕೋಣೆಯನ್ನು ಮುಚ್ಚಿ ಸೈಕಲ್ ನಿಲ್ಲಿಸಲು ಕೊಡಬೇಕೇ ಎಂದು ತೀರ್ಮಾನವಾಗಬೇಕಿತ್ತು.

"ಅದೊಂದೇ ಜಾಗದಲ್ಲಿ ನಾನು ಯಾರನ್ನೂ 'ಏನಂದ್ರಿ?' ಅಂತ ಕೇಳ್ಬೇಕಾಗಿಲ್ಲ," ಎಂದ ವೋಯಿತ್ತೊ, ಕಾಫಿ ಹೀರುತ್ತ. "ಇವತ್ತು ಮಾತಾಡೇ ಮಾತಾಡ್ತೀನಿ, ಇನ್ಕೆರಿ."

ಸಭೆ ಶುರುವಾಯಿತು, ಇನ್ಕೆರಿಯ ಬೆರಳುಗಳೂ. ಟಕಟಕಟಕ. ಎಂಥ ಸುಖ! ತಲೆಗಳು ಒಂದೊಂದಾಗಿ ಇತ್ತ ತಿರುಗಿದ್ದು ಅವಳ ಗಮನಕ್ಕೇ ಬರಲಿಲ್ಲ.

ಸರದಿ ಬಂದಾಗ ವೋಯಿತ್ತೊ ಎದ್ದು ನಿಂತ. "ಆ ಕೋಣೆ ನನ್ನೊಬ್ಬನಿಗೆ ಅಂತಲ್ಲ..." ಎಂದು ಶುರುಮಾಡಿದ. ಬೇರೆ ಯಾರು ಬಳಸುತ್ತಾರೆಂದು ಅಧ್ಯಕ್ಷರು ಕೇಳಿದರು. ಇನ್ಕೆರಿ ಆ ಪ್ರಶ್ನೆಯನ್ನು ಟಕಟಕಿಸುತ್ತಿರುವಾಗಲೇ ಮುಂದಿನ ಸಾಲಿನ ಎಯ್ಲಾ ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ತಿರುಗಿದಳು.

"ಅಯ್ಯೋ, ಆ ಕೀಬೋರ್ಡ್ ಕುಟ್ಟೋದು ನಿಲ್ಲಿಸಮ್ಮಾ! ತಲೆ ಚಿಟ್ಟು ಹಿಡೀತಿದೆ!"

ಕೇಳಿಸಿದ್ದೆಲ್ಲವನ್ನೂ ಬರೆಯಬೇಕು, ಕೆಮ್ಮು, ನಗು, ಬೈಗುಳ ಯಾವುದನ್ನೂ ಬಿಡಬಾರದು. ಅದು ಆ ಕಸುಬಿನ ಧರ್ಮ. ವೋಯಿತ್ತೊನನ್ನು ಜನ ಬೈದಾಗ ಅಕ್ಷರ ಬಿಡದೆ ಬರೆದುಕೊಟ್ಟವಳು ಇವಳೇ. ತನಗೆ ಬೈಗುಳ ಬಿದ್ದಾಗ ಮಾತ್ರ ಮುಖ ಕೆಂಡವಾಗಿ, ಬೆರಳು ನಿಂತುಹೋದವು.

ವೋಯಿತ್ತೊ ತೆರೆ ನೋಡಿದ. ಅಧ್ಯಕ್ಷರ ಅರ್ಧ ಪ್ರಶ್ನೆ ಬಿಟ್ಟರೆ ಏನೂ ಇರಲಿಲ್ಲ. ಗಂಟಿಕ್ಕಿದ ಮುಖಗಳನ್ನು ನೋಡಿದ, ಕಿವಿ ಮುಚ್ಚಿಕೊಂಡ ಎಯ್ಲಾಳನ್ನು ನೋಡಿದ.

"ಜೋರಾಯ್ತಾ? ತಪ್ಪಾಯ್ತು," ಎಂದು ಪಿಸುಗುಟ್ಟಿ ಕುಳಿತುಬಿಟ್ಟ.

ಆಗಲಾದರೂ ಬರೆಯಬಹುದಿತ್ತು. ಇನ್ಕೆರಿ ಬರೆಯಲಿಲ್ಲ. ಅಧ್ಯಕ್ಷರ ಮುಂದಿನ ಮಾತನ್ನು ಸದ್ದಾಗದಂತೆ ಮೆಲ್ಲಮೆಲ್ಲನೆ ಒತ್ತಿದಳು. ಮತ ಹಾಕಲು ಕೈಗಳು ಮೇಲೆದ್ದವು. ಕೋಣೆ ಸೈಕಲ್ಲುಗಳ ಪಾಲಾಯಿತು.

ಜನ ಕುರ್ಚಿ ಜೋಡಿಸುತ್ತಿದ್ದಾಗ ವೋಯಿತ್ತೊ ಅವಳ ಭುಜ ತಟ್ಟಿದ. "ನೀವು ಚೆನ್ನಾಗೇ ಬರೆದ್ರಿ. ನಾನೇ ಕಿರುಚಿ ಕೆಡಿಸ್ಕೊಂಡೆ."

ನೆಲ ಬಾಯಿಬಿಟ್ಟಿದ್ದರೆ ಇನ್ಕೆರಿ ಇಳಿದುಹೋಗುತ್ತಿದ್ದಳು. ಸುಮ್ಮನೆ ಮನೆಗೆ ಹೋಗಿಬಿಡಲೇ ಎಂದೂ ಅನಿಸಿತು, ಸುಳ್ಳೇಕೆ. ಆದರೆ ಭುಜ ತಟ್ಟಿದ ಆ ಕೈಯನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ಮತ್ತೆ ಕುಳಿತು, ಎಯ್ಲಾ ಅಂದದ್ದನ್ನು ಅಂದಂತೆಯೇ ಬರೆದಳು. ಕೆಳಗೆ, 'ಅವರು ಬೈದದ್ದು ನನ್ನನ್ನು. ನಿಮ್ಮ ದನಿ ಸರಿಯಾಗಿಯೇ ಇತ್ತು. ನಾಚಿಕೆಯಾಗಿ ನಾನು ಬರೆಯಲಿಲ್ಲ' ಎಂದು ಸೇರಿಸಿದಳು.

ವೋಯಿತ್ತೊ ಓದಿದ. ಮತ್ತೊಮ್ಮೆ ಓದಿದ. ಅವನು ಬೈದುಬಿಟ್ಟಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಹಾಗಾದ್ರೆ ನಾನು ಮಾತಾಡ್ಬಹುದಿತ್ತು," ಎಂದ. ಈಗಲೂ ಪಿಸುಗುಟ್ಟುತ್ತಲೇ ಇದ್ದ.