ಪೆನಾಲ್ಟಿಗೆ ಮುಂಚೆ ಎದ್ದು ಹೊರಟವರು

ಮಗಳ ಫುಟ್‌ಬಾಲ್ ತಂಡ ಫೈನಲ್‌ಗೆ ಬಂದ ಮೇಲೆ ಕ್ಷೌರದಂಗಡಿ ನಡೆಸುವ ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಕೆನ್ನೆಗೆ ಸೋಪು ಹಚ್ಚಿಸಿಕೊಂಡ ಗಿರಾಕಿಗಳೆಲ್ಲ ಅವಳು ಚೆಂಡು ತಡೆದ ಕಥೆ ಕೇಳಲೇಬೇಕಿತ್ತು. ಬಾಯಿ ತೆರೆದರೆ ಸೋಪು ಒಳಗೆ ಹೋಗುತ್ತದೆ. ಹಾಗಾಗಿ ಯಾರೂ ಎದುರಾಡುವಂತಿರಲಿಲ್ಲ. ಅವಳು ಗೋಲ್‌ಕೀಪರ್. ತಂಡದವರು ಅವಳನ್ನು ಕರೆಯುತ್ತಿದ್ದುದೇ ‘ಗೋಡೆ’ ಅಂತ.

ಪಂದ್ಯದ ಹಿಂದಿನ ಸಂಜೆ ಪಕ್ಕದ ಮನೆಯ ಅಕ್ಕ ಬಂದಳು. ಅವಳು ಸಿಟಿ ಬಸ್ ಡ್ರೈವರ್. ಫೈನಲ್‌ಗೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟು, ಪೊಲೀಸರಿಂದ ತರಬೇತಿಯನ್ನೂ ಪಡೆದಿದ್ದಳು. ಬಂದು ನೋಡಿದರೆ ಕ್ಷೌರಿಕ, ಅವನ ಹೆಂಡತಿ, ಮಂಡಿನೋವಿನ ಅವನ ತಾಯಿ ಮೂವರೂ ಸೇರಿ ಒಂದು ದೊಡ್ಡ ಚೀಲಕ್ಕೆ ದಿಂಬು, ಫ್ಲಾಸ್ಕು, ಪೀಪಿ, ಹೊದಿಕೆ ತುರುಕುತ್ತಿದ್ದಾರೆ.

“ಏನೋ ತಮ್ಮಾ, ಮ್ಯಾಚ್ ನೋಡೋಕೆ ಹೋಗ್ತಿದ್ದೀರೋ, ಮನೆ ಖಾಲಿ ಮಾಡ್ತಿದ್ದೀರೋ? ಇಷ್ಟು ದೊಡ್ಡ ಚೀಲ ಒಳಗೆ ಬಿಡಲ್ಲ. ಇನ್ನೊಂದು ಮಾತು. ಬಾಂಬ್ ಇಟ್ಟಿದ್ದೀವಿ ಅಂತ ಯಾರಾದ್ರೂ ಬೆದರಿಸಿದ್ರೆ ಏನು ಮಾಡ್ತೀರಿ?”

“ಬಿಡ್ತು ಅನ್ನಕ್ಕಾ! ಮಗಳ ಮ್ಯಾಚ್ ಹೊತ್ತಲ್ಲಿ ಎಂಥಾ ಮಾತಾಡ್ತೀಯ!”

“ನನ್ನ ಬಸ್ಸಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇದೆ. ಅದನ್ನ ಇಟ್ಟಿದ್ದಕ್ಕೆ ಬಸ್ಸಿಗೆ ಬೆಂಕಿ ಬಿತ್ತಾ?”

“ಅದನ್ನೆಲ್ಲ ಪೊಲೀಸ್ನೋರು ನೋಡ್ಕೋತಾರೆ.”

“ನೋಡ್ಕೋತಾರೆ. ಆದ್ರೆ ನಿನ್ನ ಕಾಲು ನೀನೇ ಎತ್ತಿ ಇಡ್ಬೇಕಲ್ಲೋ!”

ಅಜ್ಜಿ ನಡುವೆ ಬಾಯಿ ಹಾಕಿದರು. “ಅವನ ಕಾಲಾದ್ರೂ ಏಳುತ್ತೆ, ನನ್ನ ಮಂಡಿ ಗತಿ ಏನಮ್ಮಾ?”

“ನೀವು ದಾರಿ ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ ಅಜ್ಜೀ. ಮೆಟ್ಟಿಲಿಲ್ಲದ ಚಿಕ್ಕ ಗೇಟೊಂದಿದೆ, ಹೋದ ತಕ್ಷಣ ಅದನ್ನ ನೋಡಿಟ್ಕೊಳ್ಳಿ. ಫೋನ್ ಸಿಗದೇ ಹೋಗಬಹುದು. ಅದಕ್ಕೇ, ಹೊರಗೆ ಬಂದ್ರೆ ಎಲ್ಲಿ ಸೇರೋದು ಅಂತ ಈಗಲೇ ಮಾತಾಡ್ಕೊಳ್ಳಿ.”

“ರಸ್ತೆಯಾಚೆ ಲೈಬ್ರರಿ ಇದೆಯಲ್ಲ, ಅದರ ಹತ್ರ. ಮಗಳಿಗೂ ಹೇಳಿಡ್ತೀನಿ,” ಎಂದಳು ಹೆಂಡತಿ. ಕ್ಷೌರಿಕ ದಿಂಬನ್ನು ಚೀಲದಿಂದ ಎಳೆದು ಹಾಕುತ್ತಾ ಗೊಣಗಿದ: “ಗೋಲ್ ಪೋಸ್ಟ್ ನೋಡೋಕೆ ಹೋಗೋನು ನಾನು ಗೇಟ್ ನೋಡ್ಬೇಕಂತೆ!”

ಮರುದಿನ ಮೈದಾನ ತುಂಬಿ ತುಳುಕುತ್ತಿತ್ತು. ಎರಡೂ ತಂಡಗಳು ಸಮಸಮ. ಪೆನಾಲ್ಟಿಯಲ್ಲೇ ತೀರ್ಮಾನವಾಗಬೇಕು. ಗೋಡೆ ಗೋಲ್ ಮುಂದೆ ಬಂದು ನಿಂತಳು. ಅಪ್ಪ ಉಸಿರು ಬಿಗಿಹಿಡಿದ.

ಅಷ್ಟರಲ್ಲಿ ಧ್ವನಿವರ್ಧಕ ಮಾತಾಡಿತು. “ಭದ್ರತೆಯ ಕಾರಣಕ್ಕೆ ಆಟ ನಿಲ್ಲಿಸಿದ್ದೇವೆ. ಹತ್ತಿರದ ಗೇಟಿನಿಂದ ನಿಧಾನವಾಗಿ ಹೊರಗೆ ನಡೆಯಿರಿ. ಯಾರೂ ಓಡಬೇಡಿ.”

ಮೈದಾನದಲ್ಲಿ ಬಾಂಬ್ ಇದೆ ಎಂದು ಕಚೇರಿಗೆ ಸಂದೇಶ ಬಂದಿತ್ತು.

“ಒಂದೇ ಒಂದು ಪೆನಾಲ್ಟಿ ನೋಡ್ಕೊಂಡು ಬರ್ತೀನಿ ಕಣೇ!”

ಹೆಂಡತಿ ಅವನ ಕಾಲರ್ ಹಿಡಿದಳು. “ರೀ, ಆಡೋರೇ ಹೊರಟ್ರು, ನೀವು ಯಾರನ್ನ ನೋಡ್ತೀರಿ?”

ಆಟಗಾರ್ತಿಯರು ನಿಜವಾಗಿಯೂ ಸಾಲಾಗಿ ಹೊರಗೆ ಹೋಗುತ್ತಿದ್ದರು. ಜನ ಬಂದ ದಾರಿಯತ್ತಲೇ ತಿರುಗಿದರೆ, ಇವರು ಚಿಕ್ಕ ಗೇಟಿನತ್ತ ನಡೆದರು. ದಾರಿಯಲ್ಲಿ ಒಂದು ಸೀಟಿನ ಕೆಳಗೆ ಕಪ್ಪು ಚೀಲ ಕಂಡಿತು. “ಪಾಪ, ಯಾರೋ ಮರೆತು ಹೋಗಿದ್ದಾರೆ,” ಎಂದು ಕ್ಷೌರಿಕ ಬಾಗಿದ.

“ಮುಟ್ಬೇಡ ಕಣೋ!” ಎಂದು ಅಜ್ಜಿ ಗದರಿಸಿದ ರಭಸಕ್ಕೆ ಅವನ ಕೈ ಜೇಬಿನೊಳಗೆ ಸೇರಿಕೊಂಡಿತು. ಗೇಟಿನಲ್ಲಿದ್ದ ಸ್ವಯಂಸೇವಕರಿಗೆ ಚೀಲ ಎಲ್ಲಿದೆಯೆಂದು ಹೆಂಡತಿ ತಿಳಿಸಿದಳು.

ಲೈಬ್ರರಿ ಹತ್ತಿರ ಬಂದರೂ ಯಾರ ಫೋನ್ ಕರೆಯೂ ಹೋಗುತ್ತಿರಲಿಲ್ಲ. ಯಾರೋ ಕೂಗಿದರು: “ಒಳಗೆ ಸಿಡಿದೇ ಬಿಡ್ತಂತೆ! ಮೆಸೇಜ್ ಬಂದಿದೆ!”

ಕ್ಷೌರಿಕನ ಮುಖ ಬಿಳಿಚಿಕೊಂಡಿತು. “ನನ್ನ ಮಗು ಒಳಗಿದೆ…” ಎಂದು ರಸ್ತೆಗೆ ಇಳಿದೇಬಿಟ್ಟ.

ಹೆಂಡತಿ ಅಡ್ಡ ನಿಂತಳು. “ನನ್ನ ಹೊಟ್ಟೆಗೂ ಬೆಂಕಿ ಬಿದ್ದಿದೆ. ಆದ್ರೆ ಸದ್ದು ಕೇಳಿಸ್ತೇನ್ರೀ ನಿಮಗೆ? ಅವಳು ಹೊರಗೆ ಹೋಗೋದನ್ನ ನಾವೇ ನೋಡಿದ್ವಲ್ಲ. ಈಗ ನೀವು ಒಳಗೆ ನುಗ್ಗಿದ್ರೆ, ಪೊಲೀಸ್ನೋರು ಬಾಂಬ್ ಹುಡುಕಬೇಕೋ, ನಿಮ್ಮನ್ನ ಹುಡುಕಬೇಕೋ?”

ಅವನು ನಿಂತ. ಅಜ್ಜಿಯ ಪಕ್ಕ ಕೂತು ತಲೆ ತಗ್ಗಿಸಿದ. ಅಜ್ಜಿ ಅವನ ಬೆನ್ನು ಸವರುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಕೋಚ್ ಕಾಣಿಸಿದರು. ಹಿಂದೆ ಇಡೀ ತಂಡ. ಕೊನೆಯಲ್ಲಿ ದಪ್ಪ ಗ್ಲೌಸ್ ಹಾಕಿದ ಕೈ ಬೀಸುತ್ತಾ ಗೋಡೆ!

“ಗ್ಲೌಸ್ ಬಿಚ್ಚೇ ಇಲ್ವಲ್ಲೇ ಮಗಳೇ!” ಅಪ್ಪ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡ.

“ಮತ್ತೆ ಆಡೋಕೆ ಹೋಗ್ಬೇಕಲ್ಲಪ್ಪಾ!”

ಪೊಲೀಸರು, ನಾಯಿಗಳು ಮೂಲೆಮೂಲೆಯನ್ನೂ ಹುಡುಕಿದರು. ಬಾಂಬ್ ಇರಲಿಲ್ಲ. ಕಪ್ಪು ಚೀಲದಲ್ಲಿ ಇದ್ದದ್ದು ಒಂದು ಜೊತೆ ಕಾಲುಚೀಲ, ಅರ್ಧ ತಿಂದ ಬಿಸ್ಕತ್ತು. ಸಂಜೆಯಾಗುತ್ತಲೇ ಗೇಟು ತೆರೆದು, ಎಲ್ಲರನ್ನೂ ಮತ್ತೆ ಒಳಗೆ ಬಿಟ್ಟರು. ಅಷ್ಟು ಜನರಲ್ಲಿ ಒಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಕೊನೆಯ ಪೆನಾಲ್ಟಿ. ಇದನ್ನು ಗೋಡೆ ತಡೆದರೆ ಗೆಲುವು. ಎದುರು ತಂಡದ ಹುಡುಗಿ ಓಡಿ ಬಂದಳು. ಕ್ಷೌರಿಕ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಮೈದಾನ ಹೋ ಎಂದಿತು.

“ಹಿಡಿದಳಾ? ಯಾರಾದ್ರೂ ಹೇಳ್ರೋ, ಹಿಡಿದಳಾ?”

ಕಣ್ಣು ಬಿಟ್ಟರೆ ಅಜ್ಜಿ ಮಂಡಿನೋವು ಮರೆತು ಸೀಟಿನ ಮುಂದೆ ಕುಣಿಯುತ್ತಿದ್ದರು!

ಮನೆಗೆ ಬರುವಾಗ, ಸ್ವಯಂಸೇವೆ ಮುಗಿಸಿ ಜೊತೆಗೂಡಿದ ಅಕ್ಕನ ಹತ್ತಿರ ಕ್ಷೌರಿಕನೇ ಮಾತು ಶುರುಮಾಡಿದ. “ಅಕ್ಕಾ, ಮುಂದಿನ ತಿಂಗಳು ಹಾಡಿನ ಕಾರ್ಯಕ್ರಮಕ್ಕೆ ಹೋಗ್ತೀವಿ. ಈ ಸಲ ಸೇರೋ ಜಾಗ ನಾನೇ ಹೇಳ್ತೀನಿ. ಐಸ್‌ಕ್ರೀಮ್ ಅಂಗಡಿ ಮುಂದೆ!”

ಅಕ್ಕ ನಕ್ಕಳು. “ಜಾಗ ಯಾವುದಾದ್ರೂ ಇರ್ಲಿ ಕಣೋ. ಮನೆಯವರಿಗೆಲ್ಲ ಗೊತ್ತಿದ್ರೆ ಸಾಕು.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರಿಗೆ ಗೊತ್ತೇ? ಜನ ಸೇರುವ ಕಡೆ ಖುಷಿಯಾಗಿ ಹೋಗಿ. ಚಿಕ್ಕ ಚೀಲ ಒಯ್ಯಿರಿ, ಹೊರಗೆ ಬರುವ ದಾರಿಗಳನ್ನು ಮೊದಲೇ ನೋಡಿಟ್ಟುಕೊಳ್ಳಿ. ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ, ದೂರ ಸರಿದು ಸಿಬ್ಬಂದಿಗೆ ಹೇಳಿ. ಹೊರಡಿ ಎಂದಾಗ ಹೊರಡಿ. ಬನ್ನಿ ಎನ್ನುವ ತನಕ ಒಳಗೆ ಹೋಗಬೇಡಿ. ಬೆದರಿಕೆಯ ಸಂದೇಶ ನಿಮಗೇ ಬಂದರೆ ಅಳಿಸಬೇಡಿ, ಹಂಚಲೂ ಬೇಡಿ, ಕೂಡಲೇ ಪೊಲೀಸರಿಗೆ ತಿಳಿಸಿ. ಇಂದು ಊಟಕ್ಕೆ ಕೂತಾಗ ಒಂದು ಮಾತು ಕೇಳಿ: “ನಾವು ಎಲ್ಲಿ ಸೇರೋಣ?”