ಬಿ ಸೈಡಿನ ಮೂರನೇ ಹಾಡು

ಏನೋ ಮಿಂಚಿತು, ಬಸ್ಸಿನ ಕಿಟಕಿಯಾಚೆ, ಯಾರದೋ ಸೂರ್ಯಕಾಂತಿ ಹೊಲದ ಮೇಲೆ, ಕಪ್ಪಗೆ, ಉದ್ದಕ್ಕೆ, ಒಮ್ಮೆ ಮಿಂಚಿ ಆರಿತು — ಟೇಪು, ಕ್ಯಾಸೆಟ್ಟಿನೊಳಗಿನ ಟೇಪು, ಗಿಣಿ ಓಡಿಸಲು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ್ದಾರೆ, ಈಗ ಎಲ್ಲ ಕಡೆ ಕಟ್ಟುತ್ತಾರೆ, ಸೀಡಿ ಬಂದ ಮೇಲೆ ಟೇಪಿಗೆ ಇನ್ನೇನು ಕೆಲಸ, ಯಾರ ಗಂಟಲೋ ಬಿಸಿಲಿಗೆ ಒಣಗುತ್ತಿದೆ, ನನ್ನದಲ್ಲ, ನನ್ನದು ಜವನಗೊಂಡನಹಳ್ಳಿಯಲ್ಲಿದೆ, ನಮ್ಮದೇ ಹೊಲದಲ್ಲಿ, ಅಜ್ಜಿ ತನ್ನ ಕೈಯಾರೆ ಕಟ್ಟಿದ್ದು, ಆ ಅಜ್ಜಿ ಇವತ್ತು ಬೆಳಗ್ಗೆ ಸತ್ತಳು. ತಿಪ್ಪಕ್ಕ ಸತ್ತಳು. ಅಪ್ಪ ಎಸ್‌ಟಿಡಿ ಬೂತಿನಿಂದ ದುರ್ಗಕ್ಕೆ ಫೋನು ಮಾಡಿ ಅಷ್ಟೇ ಹೇಳಿದ, ಅವ್ವ ಹೋದ್ಲು ಕಣಮ್ಮ ಅನುಷಾ, ಬರಂಗಿದ್ರೆ ಬಾ — ಬರಂಗಿದ್ರೆ ಅಂತೆ, ಹೆತ್ತ ಮಗಳಿಗೆ, ದೂರದ ನೆಂಟರಿಗೆ ಹೇಳಿದ ಹಾಗೆ. ನಮ್ಮಪ್ಪ ಬೋರಪ್ಪನವರು ಎಂದಿನಿಂದಲೂ ಹಾಗೆಯೇ, ಬೈಯಲು ಧೈರ್ಯವಿಲ್ಲ, ಚುಚ್ಚಲು ಮರೆಯುವುದಿಲ್ಲ. ಪಕ್ಕದ ಹೆಂಗಸು ಕಡಲೆಕಾಯಿ ಸಿಪ್ಪೆಯನ್ನು ನನ್ನ ಕಾಲ ಮೇಲೇ ಉದುರಿಸುತ್ತಿದ್ದಾಳೆ, ಉದುರಿಸಲಿ, ಇವಳೂ ಒಬ್ಬಳು. ಅಜ್ಜಿಗೆ ಯಾರು ಹಾಡುತ್ತಾರೆ, ಅದೊಂದೇ ತಲೆಯಲ್ಲಿ ಕೊರೆಯುತ್ತಿದೆ, ಇಡೀ ಹೋಬಳಿಯ ಹೆಣಗಳಿಗೆ ಹಾಡಿದವಳು ಅವಳು, ಯಾರ ಮನೆಯಲ್ಲಿ ಸಾವಾದರೂ ಮೊದಲು ತಿಪ್ಪಕ್ಕನ್ನ ಕರೀರಿ ಅನ್ನುತ್ತಿದ್ದರು, ಹೆಣದ ಪಕ್ಕ ಕೂತು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಳುವಿನಲ್ಲೇ ಹಾಡು ಎತ್ತುತ್ತಿದ್ದಳು, ಸತ್ತವರು ಉತ್ತ ಹೊಲ, ಸಾಕಿದ ಎತ್ತು, ಉಂಡ ತಣಿಗೆ, ಬೈದ ಬೈಗುಳ, ಎಲ್ಲ ಬರುತ್ತಿತ್ತು ಅದರಲ್ಲಿ, ಅವಳು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಿದ್ದರು. ಸೊಲ್ಲು ಹಿಡಿಯುವವರು ಹತ್ತು ಜನ, ಎತ್ತುವವಳು ಅವಳೊಬ್ಬಳೇ. ಅವಳೇ ಹೆಣವಾದರೆ ಎತ್ತುವವರು ಯಾರು.

ನನಗೂ ಹೇಳಿಕೊಡು ಅಂತ ಹಿಂದೊಮ್ಮೆ ಪೀಡಿಸಿದ್ದೆ, ಕಾಲೇಜಿಗೆ ದುರ್ಗದ ಹಾಸ್ಟೆಲ್ಲು ಸೇರಿದ ಹೊಸತು, ಬದುಕಿರೋರ ಸೂರಿನ ಕೆಳಗೆ ಇದನ್ನ ಹಾಡಬಾರ್ದು ಕಣೇ, ಹೆಣ ಇದ್ರೆ ಸೂರು, ಇಲ್ದಿದ್ರೆ ಬಯಲು, ಅಂತ ಹೊಲಕ್ಕೆ ಕರೆದುಕೊಂಡು ಹೋದಳು, ಬದುವಿನ ಮೇಲೆ ಕೂತು ಹಾಡಿದಳು, ಎದ್ದು ಬಾರೆ ನನ್ನವ್ವ ಹೊತ್ತು ನೆತ್ತಿಗೆ ಬಂತು, ಇಟ್ಟ ಬುತ್ತಿ ಆರಿತು ಕಟ್ಟಿದ ದನ ಕೂಗ್ಯಾವು, ಯಾರ ಹೊಲಕೆ ಹೋದ್ಯವ್ವ ದಾರಿ ಯಾರು ತೋರ್ಯಾರು, ತಿರುಗಿ ನೋಡೆ ನನ್ನವ್ವ ಬಾಗಿಲಾಗೆ ನಾ ನಿಂತೀನಿ — ಮೈ ಜುಮ್ಮೆಂದಿತು, ರಾಗ ಸಿಕ್ಕಿತು, ಸಾಕು ಅಂತ ಎದ್ದೆ, ಇನ್ನೂ ಐತೆ ಕುಂತ್ಕಳೇ ಅಂದಳು, ಬಸ್ಸಿಗೆ ಹೊತ್ತಾಗಿತ್ತು. ಬಸ್ಸು, ಯಾವಾಗಲೂ ಬಸ್ಸು, ಈ ಬಸ್ಸೂ ಹಿರಿಯೂರಿನಲ್ಲಿ ನಿಂತುಬಿಟ್ಟಿದೆ, ಡ್ರೈವರು ಟೀ ಕುಡಿಯುತ್ತಿದ್ದಾನೆ, ಯಾರ ಅಜ್ಜಿ ಸತ್ತರೆ ಅವನಿಗೇನು. ನನ್ನ ಕ್ಯಾಸೆಟ್ಟು ಆದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, ಸದ್ದು ತಡೆಯಲು ಗೋಡೆಗೆ ಮೊಟ್ಟೆ ಟ್ರೇ ಬಡಿದು ಸ್ಟುಡಿಯೋ ಎಂದು ಬೋರ್ಡು ಹಾಕಿದ್ದ ಪರಮೇಶ್ವರಪ್ಪ, ಗಿರಣಿ ತಿರುಗಿದರೆ ರೆಕಾರ್ಡಿಂಗ್ ನಿಲ್ಲಬೇಕು, ಕೆಳಗೆ ರಾಗಿ ಬೀಸುವವರು ಮುಗಿಸುವವರೆಗೆ ಮೇಲೆ ನಾನು ಬಾಯಿ ಮುಚ್ಚಿ ಕೂರಬೇಕು, ಆ ಹಿಟ್ಟಿನ ವಾಸನೆ ಈಗಲೂ ಮೂಗಿನಲ್ಲಿದೆ. ಹಾಡುಗಳು ನನ್ನವೇ, ಬರೆದದ್ದು, ಕೂಡಿಸಿದ್ದು, ಬ್ಯೂಟಿ ಪಾರ್ಲರಿನ ಕನ್ನಡಿಯ ಮೇಲೊಂದು, ಹಾಸ್ಟೆಲ್ ಗೇಟಿನ ಮೇಲೊಂದು, ನಡುನಡುವೆ ಸುಮ್ಮನೆ ಮಾತು, ಮಿಕ್ಸಿಯ ಸದ್ದು, ತಾಳ ಎಲ್ಲೈತ್ರಿ ಇದ್ರಾಗೆ ಅಂತ ಕೀಬೋರ್ಡಿನ ಅಂಜನ್ ತಲೆ ಕೆರೆದುಕೊಂಡ, ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುವವನಿಗೆ ಇನ್ನೇನು ಗೊತ್ತಿರುತ್ತದೆ. ಬಿ ಸೈಡಿನ ಮೂರನೆಯದು ಹಾಸ್ಟೆಲ್ ಬೆಳಗಿನ ಹಾಡು, ಅದರ ಕೊನೆಗೆ ಅಜ್ಜಿಯ ಆ ನಾಲ್ಕು ಸಾಲು ಹಾಗೇ ಇಟ್ಟೆ, ಬರೀ ಗಂಟಲು, ವಾದ್ಯವಿಲ್ಲ, ನಾಲ್ಕನೇ ಸಾಲು ಮುಗಿದ ತಕ್ಷಣ ಅಂಜನ್‌ನ ಕೀಬೋರ್ಡು, ಕೊಳಲಿನ ಸದ್ದು, ಮೇಲಿಂದ ಕೆಳಗೆ ಇಳಿಯುತ್ತಾ ಇಳಿಯುತ್ತಾ ಹಾಡು ಮುಗಿಯುತ್ತದೆ. ಚೆನ್ನಾಗಿತ್ತು. ಯಾರು ಏನೇ ಅನ್ನಲಿ, ಚೆನ್ನಾಗಿತ್ತು. ಭಕ್ತಿಗೀತೆ ಅಲ್ಲ, ಜನಪದ ಅಲ್ಲ, ಸಿನಿಮಾ ಅಲ್ಲ, ಅಂಗಡಿಯೋನು ಇದನ್ನ ಯಾವ ಸಾಲಿನಾಗೆ ಇಡ್ಬೇಕಮ್ಮ ಅಂದ ಪರಮೇಶ್ವರಪ್ಪ, ಪಾಪ್ ಅಂತ ಒಂದು ಸಾಲು ಮಾಡಲಿ ಬಿಡಿ ಅಂದೆ, ನಕ್ಕ, ಕ್ಯಾಸೆಟ್ಟು ಬಂದಾಗ ಕವರಿನ ಮೇಲೆ ನಿಂಬೆಹಣ್ಣಿನ ಹಾರ ಹಾಕಿಕೊಂಡ ದೇವಿ, ದೇವಿಯ ಪಾದದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ನಾನಿಟ್ಟ ಹೆಸರು, ಕರಿ ಬಿಸಿಲು, ಮೂಲೆಯಲ್ಲಿ ಅಂಚೆಚೀಟಿಯಷ್ಟು ನನ್ನ ಮುಖ. ದೇವಿ ಇದ್ರೆ ಭಕ್ತಿ ಸಾಲಿನಾಗೆ ಇಡ್ತಾರೆ, ಕಣ್ಣಿಗೆ ಬೀಳ್ತೈತೆ, ನಿನ್ನ ಒಳ್ಳೇದಕ್ಕೇ ಮಾಡಿದ್ದು ಅಂದ. ನನ್ನ ಒಳ್ಳೆಯದಕ್ಕೆ ಎಷ್ಟು ಜನ, ಕನ್ನಡ ಮೇಷ್ಟರು ಒಂದೇ ಹಾಡು ಕೇಳಿ ಭಾವಗೀತೆ ಕಲಿಯಮ್ಮ ಅಂದರು, ದುರ್ಗದ ಪೇಪರಿನವನು ಧ್ವನಿ ಪರವಾಗಿಲ್ಲ, ಸಾಹಿತ್ಯ ಅರ್ಥವಾಗುವುದಿಲ್ಲ ಅಂತ ಬರೆದ, ಹಾಸ್ಟೆಲ್ಲಿನ ಹುಡುಗಿಯರು ಮಿಕ್ಸಿ ಹಾಡು ಬಂತು ಅಂತ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು.

ನಗುವವರು ವಾಸಿ. ಕಾಟಲಿಂಗಪ್ಪ ನಗಲಿಲ್ಲ, ನಮ್ಮೂರಿನವನೇ, ಹಿರಿಯೂರಿನಲ್ಲಿ ಮನೆ ಕಟ್ಟಿಸಿದ, ಇಗೋ ಬಸ್ಸು ಈಗ ಅದೇ ರಸ್ತೆ ದಾಟುತ್ತಿದೆ, ಹಸಿರು ಬಣ್ಣದ ಎರಡಂತಸ್ತು, ಗೃಹಪ್ರವೇಶಕ್ಕೆ ದೇವಿ ಹಾಡು ಅಂತ ನನ್ನ ಕ್ಯಾಸೆಟ್ಟು ಕೊಂಡು ಮೈಕ್ ಸೆಟ್ಟಿನವನ ಕೈಗೆ ಕೊಟ್ಟ. ಎ ಸೈಡ್ ಇಡೀ ಯಾರೂ ಕಿವಿ ಕೊಡಲಿಲ್ಲ, ಅದೇ ಅಲ್ಲವೇ ನನ್ನ ಜನ, ದೇವಿಯ ಫೋಟೋ ಇದ್ದರೆ ಒಳಗೆ ಮಿಕ್ಸಿ ತಿರುಗಿದರೂ ಕೈ ಮುಗಿಯುತ್ತಾರೆ. ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವ ಹೊತ್ತಿಗೆ ಸರಿಯಾಗಿ ಎದ್ದು ಬಾರೆ ನನ್ನವ್ವ ಎಂದು ಬೀದಿಗೆಲ್ಲ ಕೇಳಿಸಿತಂತೆ, ಊರಿಂದ ಹೋದ ಹೆಂಗಸರು ಒಂದೇ ಉಸಿರಿಗೆ ಗುರುತು ಹಿಡಿದರಂತೆ, ತಿಪ್ಪಕ್ಕನ ಹಾಡು, ಹೆಣದ ಹಾಡು, ಹಾಲಿನ ಪಾತ್ರೆ ಹಿಡಿದಿದ್ದ ಅವನ ತಾಯಿ ಅಲ್ಲೇ ಕುಸಿದು ಕೂತಳು, ಆ ಮಳೆಗಾಲ ಮುಗಿಯುವುದರೊಳಗೆ ಸತ್ತಳು, ವಯಸ್ಸಾಗಿತ್ತು, ಮೊದಲಿಂದ ಉಬ್ಬಸವಿತ್ತು, ಯಾರಿಗೆ ಹೇಳುವುದು. ನನ್ನ ಬಳಿ ಯಾರೂ ಬರಲಿಲ್ಲ, ನೇರವಾಗಿ ಅಜ್ಜಿಯ ಬಾಗಿಲಿಗೆ ಹೋದರು, ನಿನ್ನ ಬಾಯಿ ಸುಮ್ನಿರಲಿಲ್ವೇನೇ ಮುದುಕಿ, ಬದುಕಿರೋರ ಮನೆಗೆ ಹೆಣದ ಹಾಡು ಕಳಿಸ್ತೀಯ ಅಂದ ಕಾಟಲಿಂಗಪ್ಪ, ಅಜ್ಜಿ ನನ್ನ ಹೆಸರು ಎತ್ತಲಿಲ್ಲ, ಆಮೇಲೆ ಅವಳನ್ನು ಮದುವೆಗೂ ಕರೆಯಲಿಲ್ಲ, ಸಾವಿಗೂ ಕರೆಯಲಿಲ್ಲ. ಒಂದು ಬೈಗುಳ ಬೈಯಬಹುದಿತ್ತಲ್ಲ ಅವಳು, ಬೈಯದೆ ಕೂತದ್ದೇ ನನಗೆ ಹೆಚ್ಚು ಉರಿಯಿತು. ಮಾರಾಟವಾಗದೆ ಉಳಿದವನ್ನು ಪರಮೇಶ್ವರಪ್ಪ ಗೋಣಿಚೀಲದಲ್ಲಿ ತುಂಬಿ ನಮ್ಮ ಬಾಗಿಲಿಗೆ ಹಾಕಿ ಹೋದ, ಅಜ್ಜಿ ಒಂದೊಂದನ್ನೇ ಗುಂಡುಕಲ್ಲಿನಿಂದ ಜಜ್ಜಿ ಟೇಪು ಎಳೆದು ಮನೆ ಹಿಂದಿನ ಹೊಲದ ತುಂಬ ಕಟ್ಟಿದಳು, ನಾನು ಊರಿಗೆ ಬಂದಾಗ ನೋಡುತ್ತೇನೆ, ನನ್ನ ಹಾಡು ಗಿಣಿಗೆ ಹಾಕಿದೀಯಲ್ಲ, ಅವರು ಉಗುಳಿದ್ದು ಸಾಲದು ಅಂತ ನೀನೂ ಉಗುಳಿದೆಯಾ ಅಂದೆ. ಬಯಲಾಗೈತೆ ಬಿಡೇ, ಈಗ ಯಾರ ಸೂರಿನ ಕೆಳಗೂ ಇಲ್ಲ, ಅಂದಳು, ಅಷ್ಟೇ. ಅವತ್ತೇ ಬಸ್ಸು ಹತ್ತಿದವಳು ಇವತ್ತು ಇಳಿಯುತ್ತಿದ್ದೇನೆ.

ಅಂಗಳದ ತುಂಬ ಜನ, ಇವರೇ, ಇವರೇ ಕರೆಯದಿದ್ದವರು, ಈಗ ಮುಖ ಇಳಿಬಿಟ್ಟುಕೊಂಡು ಬಂದಿದ್ದಾರೆ, ಒಬ್ಬೊಬ್ಬರನ್ನೂ ಕತ್ತು ಹಿಡಿದು ಹೊರಗೆ ಹಾಕಬೇಕು. ಅಜ್ಜಿಯನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದಾರೆ, ಹಣೆಯಲ್ಲಿ ವಿಭೂತಿ, ಬಾಯಿ ಕಟ್ಟಿದ್ದಾರೆ, ಆ ಬಾಯಿಯನ್ನೇ ಕಟ್ಟಿದ್ದಾರೆ. ಸುತ್ತ ಹೆಂಗಸರು, ಸೆರಗು ಬಾಯಿಗೆ, ಸದ್ದಿಲ್ಲ, ಸಾವಿನ ಮನೆ ಇಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ, ಏನ್ರಿ, ಅವಳು ನಿಮ್ಮ ಅವ್ವಂದಿರಿಗೆಲ್ಲ ಹಾಡಲಿಲ್ಲವಾ ಅಂದೆ, ಅಜ್ಜಿಯ ಪಕ್ಕದಲ್ಲೇ ಕೂತು ಸೊಲ್ಲು ಹಿಡಿಯುತ್ತಿದ್ದ ಚಂದ್ರಕ್ಕ ತಲೆ ಎತ್ತಿದಳು, ಎತ್ತಿಕೊಡೋರಿಲ್ದೆ ನಾವು ಹೆಂಗ್ ಹಾಡಾಣವ್ವ, ನಿನಗೊಬ್ಬಳಿಗೇ ಹೇಳಿಕೊಟ್ಟಿದ್ದು ಅವಳು, ನಮ್ಮನ್ನ ಹೊಲಕ್ಕೆ ಕರ್ಕಂಡೋಗ್ಲಿಲ್ಲ, ನೀನೇ ಎತ್ತು, ನಾವು ಹಿಡೀತೀವಿ. ಕುಹಕವೋ ನಿಜವೋ ಆ ಮುಖದಲ್ಲಿ ಗೊತ್ತಾಗುವುದಿಲ್ಲ, ಗೊತ್ತಾಗುವುದು ಬೇಡ, ಹಾಡುತ್ತೇನೆ, ಇವರ ಎದೆ ಬಿರಿಯುವ ಹಾಗೆ ಹಾಡುತ್ತೇನೆ, ಈಗ ಹೆಣವಿದೆ, ಈಗ ಈ ಸೂರಿನ ಕೆಳಗೆ ಹಾಡಬಹುದು, ಕೂತೆ, ಅಜ್ಜಿಯ ಕೈ ಹಿಡಿದೆ, ತಣ್ಣಗಿದೆ, ಎದ್ದು ಬಾರೆ ನನ್ನವ್ವ ಹೊತ್ತು ನೆತ್ತಿಗೆ ಬಂತು — ಹಿಡಿದರು, ಹತ್ತು ಗಂಟಲು ಒಟ್ಟಿಗೆ, ಗಿರಣಿಯ ಮೇಲಿನ ಕೋಣೆಯಲ್ಲಿ ಹೀಗೆ ಯಾರೂ ಹಿಡಿದಿರಲಿಲ್ಲ — ಇಟ್ಟ ಬುತ್ತಿ ಆರಿತು, ಅಪ್ಪ ಬಾಗಿಲಲ್ಲಿ ಬಿಕ್ಕುತ್ತಿದ್ದಾನೆ, ಯಾರ ಹೊಲಕೆ ಹೋದ್ಯವ್ವ, ತಿರುಗಿ ನೋಡೆ ನನ್ನವ್ವ ಬಾಗಿಲಾಗೆ ನಾ ನಿಂತೀನಿ, ಹಿಡಿದರು, ಮುಗಿಸಿದರು, ನನ್ನ ಕಡೆ ನೋಡುತ್ತಿದ್ದಾರೆ, ಐದನೇ ಸಾಲಿಗೆ. ಈಗ ಅವಳು ಉತ್ತ ಹೊಲ ಬರಬೇಕು, ಸಾಕಿದ ಎತ್ತು ಬರಬೇಕು, ಎತ್ತಿನ ಹೆಸರೇನು, ಅವಳ ತವರು ಯಾವುದು, ಏನು ಇಷ್ಟ ಅವಳಿಗೆ, ನಾಲ್ಕು ಸಾಲಿನ ನಂತರ ನನ್ನ ತಲೆಯಲ್ಲಿರುವುದು ಅಂಜನ್‌ನ ಕೀಬೋರ್ಡು, ಮೇಲಿಂದ ಕೆಳಗೆ ಇಳಿಯುವ ಕೊಳಲು, ಅದಕ್ಕೇ ಕಾಯುತ್ತಿದ್ದೇನೆ, ಬಾಯಿ ತೆರೆದೇ ಇದೆ, ಇನ್ನೂ ಐತೆ ಕುಂತ್ಕಳೇ, ಚಂದ್ರಕ್ಕ ಕಾಯುತ್ತಿದ್ದಾಳೆ, ಎಲ್ಲರೂ ಕಾಯುತ್ತಿದ್ದಾರೆ, ಹಿಂಬಾಗಿಲು ತೆರೆದಿದೆ, ಹೊರಗೆ ಗಾಳಿ ಎದ್ದಿದೆ, ಹೊಲದ ಮೇಲೆ ಟೇಪು ಗುಯ್ಯೆನ್ನುತ್ತಿದೆ, ಒಮ್ಮೆ ಮಿಂಚಿ ಆರುತ್ತದೆ, ಟೇಪು, ಮತ್ತೆ ಮಿಂಚುತ್ತದೆ, ಟೇಪು