ಖಾಲಿ ಬಿಟ್ಟ ಅಂಕಣ

ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ಸುತ್ತನ್ನೂ ಹಾಳು ಮಾಡಿರಲಿಲ್ಲ. ಅದನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ. ಕೊಬ್ಬು ಅಂದರೆ ಅದೇ.

ಸುತ್ತು ಎಂದರೆ ನಮ್ಮ ದೂರದರ್ಶಕ ಭೂಮಿಯನ್ನು ಒಮ್ಮೆ ಸುತ್ತಿ ಬರುವ ತೊಂಬತ್ತಾರು ನಿಮಿಷ. ಪ್ರಪಂಚದ ಖಗೋಳದವರೆಲ್ಲ ಒಂದೆರಡು ಸುತ್ತಿಗಾಗಿ ಕಾದು ನಿಂತಿರುತ್ತಾರೆ, ಹತ್ತು ಜನ ಕೇಳಿದರೆ ಒಬ್ಬರಿಗೆ ಸಿಗುತ್ತದೆ. ಸಿಕ್ಕವರ ನಮೂನೆ ಬಾಲ್ಟಿಮೋರ್‌ನಲ್ಲಿ ನನ್ನ ಮೇಜಿಗೆ ಬರುತ್ತದೆ. ಯಾವ ನಕ್ಷತ್ರ, ಆಕಾಶದಲ್ಲಿ ಎಲ್ಲಿ, ಯಾವ ಕ್ಯಾಮೆರಾ, ಎಷ್ಟು ಹೊತ್ತು ಎಂದು ಅವರು ತುಂಬಿ ಕಳಿಸಿದ್ದನ್ನು ನಾನು ತಿದ್ದಿ ತೀಡಿ ವಾರದ ಪಟ್ಟಿಯಲ್ಲಿ ಕೂರಿಸಬೇಕು. ಭೂಮಿ ಅಡ್ಡ ಬರುವ ಹೊತ್ತನ್ನು ಬಿಟ್ಟು, ವಿಕಿರಣ ಹೆಚ್ಚಿರುವ ದಕ್ಷಿಣ ಅಟ್ಲಾಂಟಿಕ್ ಮೇಲೆ ಹಾಯುವಾಗ ಕ್ಯಾಮೆರಾ ಮುಚ್ಚಬೇಕಾದ ನಿಮಿಷಗಳನ್ನು ಬಿಟ್ಟು, ಉಳಿದ ಸಂದಿಯಲ್ಲಿ ತುರುಕಬೇಕು. ದೂರದರ್ಶಕಕ್ಕೂ ವಯಸ್ಸಾಗಿದೆ. ನಾವು ಅದನ್ನು ಮುದುಕಿ ಎಂದೇ ಕರೆಯುವುದು.

ನಮ್ಮ ಕೋಣೆಯಲ್ಲಿ ಒಂದು ಏಡಿಚಿಪ್ಪು ಇದೆ. ಎಷ್ಟೋ ವರ್ಷದ ಹಿಂದೆ ಕಚೇರಿಯವರೆಲ್ಲ ಕಾಗದ ಹಾಸಿ, ಸುತ್ತಿಗೆಯಲ್ಲಿ ಕುಟ್ಟಿ ಏಡಿ ತಿಂದ ದಿನ ಯಾರೋ ಒಂದು ಚಿಪ್ಪನ್ನು ತೊಳೆದು ಬಂಗಾರದ ಬಣ್ಣ ಬಳಿದಿಟ್ಟರು. ನಮ್ಮಲ್ಲಿ ಯಾರ ತಪ್ಪಿನಿಂದ ಸುತ್ತು ಹಾಳಾಗುತ್ತದೋ ಅವರ ಮೇಜಿನ ಮೇಲೆ ಅದು ಕೂರುತ್ತದೆ, ಮುಂದಿನವರು ತಪ್ಪುವ ತನಕ. ಚಿಪ್ಪನ್ನು ಮೆರವಣಿಗೆಯಲ್ಲಿ ಒಯ್ದು ಇಡುವವಳು ನಾನು. ಎರಡು ವರ್ಷದಿಂದ ಅದು ಡೆಲ್ರಾಯ್ ಟಿಲ್ಮನ್ ಮೇಜಿನ ಮೇಲಿತ್ತು. ದೂರದರ್ಶಕ ಅಲ್ಲಾಡದಂತೆ ಹಿಡಿದು ನಿಲ್ಲಿಸಲು ಆಸರೆಯ ನಕ್ಷತ್ರಗಳನ್ನು ಹುಡುಕಿ ಕೊಡುವವನು ಅವನು. ದಿನಾ ಬೆಳಿಗ್ಗೆ ನಾನು ಆ ಚಿಪ್ಪಿನ ಧೂಳು ಒರೆಸಿ, "ನಿನ್ನ ಮಗು ಹೇಗಿದೆ ಡೆಲ್ರಾಯ್, ಹಾಲು ಕುಡೀತಾ?" ಎಂದು ಕೇಳುತ್ತಿದ್ದೆ.

"ಒಂದಿನ ನಿನ್ ಮಡಿಲಿಗೇ ಹಾಕ್ತೀನಿ ಲೊರೆಟ್ಟಾ, ಲಾಲಿ ಹಾಡ್ತಾ ಕೂತ್ಕೋ" ಎನ್ನುತ್ತಿದ್ದ ಅವನು.

"ಕನಸು ಕಾಣು, ಕಾಸೇನೂ ಖರ್ಚಾಗಲ್ಲ."

ಆ ವಸಂತದಲ್ಲಿ ಡಾಕ್ಟರ್ ವಿನಿಫ್ರೆಡ್ ಓಕ್ಸ್ ಅವರಿಗೆ ಎರಡು ಸುತ್ತು ಸಿಕ್ಕಿತ್ತು. ಎಪ್ಪತ್ತೆಂಟು ವರ್ಷ. ಕಂಬರ್ಲ್ಯಾಂಡ್ ಆಚೆಯ ಗುಡ್ಡಗಳಲ್ಲಿ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಬ್ಬರೇ ಇರುವವರು. ಅವರದು ಒಂದು ಶ್ವೇತಕುಬ್ಜ, ಉರಿದು ಮುಗಿದು ಕುಗ್ಗಿಹೋದ ಪುಟ್ಟ ನಕ್ಷತ್ರ. ಆಕಾಶದಲ್ಲಿ ವರ್ಷವರ್ಷವೂ ಸರಸರ ಸರಿಯುತ್ತದೆ. ಈ ವಸಂತದಲ್ಲಿ ಅದು ದೂರದ ಇನ್ನೊಂದು ನಕ್ಷತ್ರದ ಮುಂದೆ ಹಾದುಹೋಗುತ್ತದೆ, ಆಗ ಹಿಂದಿನದರ ಬೆಳಕು ಕೂದಲೆಳೆಯಷ್ಟು ಬಾಗುತ್ತದೆ, ಬಾಗಿದ್ದನ್ನು ಅಳೆದರೆ ಕುಬ್ಜದ ತೂಕ ಸಿಗುತ್ತದೆ ಎಂದು ಆಕೆ ಲೆಕ್ಕ ಹಾಕಿದ್ದು ನಲವತ್ತೊಂದು ವರ್ಷದ ಹಿಂದೆ, ಗಾಜಿನ ಫಲಕಗಳನ್ನು ಕೈಯಲ್ಲಿ ಅಳೆದು. ಅಷ್ಟು ವರ್ಷ ಆ ಒಂದು ವಸಂತಕ್ಕಾಗಿ ಕಾದಿದ್ದರು. ಮತ್ತೆ ಇಂಥದ್ದು ನೋಡಲು ನಾವ್ಯಾರೂ ಇರುವುದಿಲ್ಲ.

ಅವರ ನಮೂನೆ ತೆರೆದದ್ದು ಒಂದು ಶುಕ್ರವಾರ. ಅವತ್ತು ಮಧ್ಯಾಹ್ನ ಈ ಸಲದ ಮೊದಲ ಬೇಸ್‌ಬಾಲ್ ಆಟ, ಟಿಕೆಟ್ ಜೇಬಿನಲ್ಲಿತ್ತು. ನೋಡಿದರೆ, ನಕ್ಷತ್ರ ವರ್ಷಕ್ಕೆ ಎಷ್ಟು ಸರಿಯುತ್ತದೆ ಎಂದು ಬರೆಯಬೇಕಾದ ಅಂಕಣ ಖಾಲಿ! ನಮ್ಮ ನಮೂನೆಯಲ್ಲಿ ಎರಡು ಸಾವಿರದ ಇಸವಿಯಲ್ಲಿ ನಕ್ಷತ್ರ ಇದ್ದ ಜಾಗ ಕೊಡಬೇಕು, ಆ ಚಲನೆಯನ್ನೂ ಕೊಡಬೇಕು. ಇಪ್ಪತ್ತಾರು ವರ್ಷದ ಚಲನೆಯನ್ನು ಕೂಡಿಸಿ ಇವತ್ತಿನ ಜಾಗ ಹುಡುಕುವುದು ಯಂತ್ರದ ಕೆಲಸ. ಈ ಅಂಕಣ ಮರೆಯುವವರು ವರ್ಷಕ್ಕೆ ನಾಲ್ಕು ಜನ ಇದ್ದೇ ಇರುತ್ತಾರೆ. ನಿಯಮದ ಪ್ರಕಾರ ಫೋನ್ ಮಾಡಿ ಕೇಳಬೇಕು. ಓಕ್ಸ್ ಅವರಿಗೆ ಫೋನ್ ಮಾಡಿದರೆ ಸೇಬಿನ ಮರ, ಮಂಡಿನೋವು ಅಂತ ಮುಕ್ಕಾಲು ಗಂಟೆ ಬಿಡುವುದಿಲ್ಲ. ಪಾಪ ಮರೆತಿದ್ದಾರೆ ಎಂದುಕೊಂಡು ಅವರದೇ ಹಳೆಯ ಪ್ರಬಂಧದಿಂದ ಅಂಕಿ ಎತ್ತಿ ತುಂಬಿ, ಕೋಟು ಹಾಕಿಕೊಂಡು ಹೊರಟೆ. ಉಪಕಾರ ಮಾಡಿದೆ ಎಂಬ ಖುಷಿ ಬೇರೆ. ಆ ಹಂತದಲ್ಲಿ ನಾನು ಏನೇ ತಿದ್ದಿದರೂ ಕಡತದಲ್ಲಿ ಉಳಿಯುವುದು ಕಳಿಸಿದವರ ಹೆಸರು.

ಮೂರು ವಾರದ ನಂತರ, ಸೋಮವಾರ ಬೆಳಿಗ್ಗೆ, ಡೆಲ್ರಾಯ್ ಕೂಗಿದ.

"ಲೊರೆಟ್ಟಾ, ಬಾ ಇಲ್ಲಿ. ಓಕ್ಸ್ ಅವರ ನಕ್ಷತ್ರ ಎಲ್ಲೋ ವಾಕಿಂಗ್ ಹೋಗ್ಬಿಟ್ಟಿದೆ."

ಪರದೆಯ ಮೇಲೆ ಎರಡು ಸುತ್ತಿನ ಚಿತ್ರಗಳು, ಎಲ್ಲವೂ ಕಪ್ಪು. ಮೂಲೆಯಲ್ಲಿ ಯಾವುದೋ ಮಂಕು ಚುಕ್ಕೆ.

"ಮುದುಕಿ ಅಲ್ಲಾಡಿದ್ಲಾ?" ಎಂದೆ.

"ಎಲ್ಲಿ ಅಲ್ಲಾಡ್ತಾಳೆ, ಗೂಟ ಹೊಡ್ದಂಗೆ ನಿಂತಿದ್ಲು. ಹೇಳಿದ ಜಾಗಾನೇ ನೋಡಿದ್ಲು. ಹೇಳಿದ್ದೇ ತಪ್ಪು." ಅವನು ನಮೂನೆ ತೆರೆದ. "ಇಲ್ನೋಡು. ಕೊಟ್ಟಿರೋದೇ ಇವತ್ತಿನ ಜಾಗ. ಅದ್ರ ಮೇಲೆ ಚಲನೇನೂ ಹಾಕಿದಾರೆ. ಯಂತ್ರ ಇನ್ನೊಂದ್ಸಲ ಇಪ್ಪತ್ತಾರು ವರ್ಷ ಕೂಡಿಸ್ತು. ಅಯ್ಯೋ ಪಾಪ, ನಮ್ಮ ಮುದುಕಿ ನೆಟ್ಟಗಿದಾಳೆ, ಓಕ್ಸ್ ಅವರೇ ಮರೆಯೋಕೆ ಶುರು ಮಾಡಿದ್ರಲ್ಲೇ!"

ಆ ಚಲನೆಯನ್ನು ಹಾಕಿದ್ದು ನಾನು. ಆದರೂ ನಕ್ಕೆ. ನಕ್ಕಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅವನು ಕಾಫಿಗೆ ಹೋದಾಗ ಮೇಜಿನ ಕೆಳಗಿದ್ದ ಪೆಟ್ಟಿಗೆ ಎಳೆದೆ. ಓಕ್ಸ್ ಅವರು ಪ್ರತಿ ವಸಂತದಲ್ಲಿ ನನಗೆ ಒಂದು ಸೀಸೆ ಸೇಬಿನ ಪಾಕ ಕಳಿಸುತ್ತಾರೆ, ಚಕ್ಕೆ ಹಾಕಿ ದಿನವಿಡೀ ಕುದಿಸಿದ್ದು. ಈ ಸಲದ್ದನ್ನು ಬ್ರೆಡ್ಡಿಗೆ ಸವರಿ ತಿಂದು ಮುಗಿಸಿ, ಪೆಟ್ಟಿಗೆಯಲ್ಲಿ ಚಪ್ಪಲಿ ಇಟ್ಟುಕೊಂಡಿದ್ದೆ. ಚಪ್ಪಲಿ ತೆಗೆದೆ. ಸುತ್ತಿದ್ದ ಹಳೆಯ ಪತ್ರಿಕೆಯ ಅಡಿಯಲ್ಲಿ ಒಂದು ಲಕೋಟೆ, ಒಡೆದಿರಲಿಲ್ಲ.

"ಲೊರೆಟ್ಟಾ, ನಕ್ಷತ್ರದ ಇಂದಿನ ಸ್ಥಾನವನ್ನೇ ಕೊಟ್ಟಿದ್ದೇನೆ. ನನ್ನ ಲೆಕ್ಕದ ಮೇಲೆ ನನಗೆ ಹೆಚ್ಚು ನಂಬಿಕೆ, ನಿಮ್ಮ ಯಂತ್ರ ಬೇಸರ ಮಾಡಿಕೊಳ್ಳದಿರಲಿ. ಚಲನೆಯ ಅಂಕಣವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ, ತುಂಬಬೇಡ. ಸೇಬು ಈ ಸಲ ಕೊಂಚ ಹುಳಿ."

ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡೆ. ಮೇಲೆ ಹೋಗಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ತಪ್ಪಾದರೆ ಸುತ್ತುಗಳನ್ನು ಮತ್ತೆ ಕೊಡುತ್ತಾರೆ, ಕೇಳಿದವರ ತಪ್ಪಾದರೆ ಕೊಡುವುದಿಲ್ಲ. ಅದು ನಿಯಮ. ಮೇ ಇಪ್ಪತ್ತಾದ ಮೇಲೆ ಆ ಜಾಗ ಸೂರ್ಯನ ಪಕ್ಕಕ್ಕೆ ಬೀಳುತ್ತದೆ, ಮುದುಕಿ ಆ ಕಡೆ ತಿರುಗುವ ಹಾಗಿಲ್ಲ. ಪಟ್ಟಿ ಬದಲಿಸಲು ಎರಡು ವಾರ ಬೇಕು. ಇಷ್ಟೆಲ್ಲ ನನಗೆ ಬಾಯಿಪಾಠ. ಆದರೂ ಸುಮ್ಮನೆ ಕೂತೆ, ಆ ದರಿದ್ರ ಚಿಪ್ಪನ್ನು ನೋಡುತ್ತ.

ಮಧ್ಯಾಹ್ನ ಅವರದೇ ಫೋನ್ ಬಂತು.

"ಲೊರೆಟ್ಟಾ, ನಾನಮ್ಮ, ವಿನಿಫ್ರೆಡ್. ಡೆಲ್ರಾಯ್ ಎಲ್ಲಾ ಹೇಳ್ದ. ನಾನು ಆ ಅಂಕಣ ಖಾಲಿ ಬಿಟ್ಟಿದ್ದೆ ಅಂತ್ಲೇ ನೆನಪು ನನ್ಗೆ. ನಿನಗೊಂದು ಕಾಗದಾನೂ ಬರ್ದಿದ್ದೆ, ತುಂಬ್ಬೇಡ ಅಂತ. ಪಾಕದ ಜೊತೆ ಇಟ್ಟಿದ್ದೆ. ಸಿಕ್ತಲ್ವಾ?"

ಕೈಚೀಲ ನನ್ನ ತೊಡೆಯ ಮೇಲಿತ್ತು.

"ಇಲ್ಲ ಡಾಕ್ಟರ್ ಓಕ್ಸ್," ಎಂದೆ, "ಬರೀ ಸೀಸೆ ಬಂತು. ಕಾಗದ ಏನೂ ಇರ್ಲಿಲ್ಲ."

"ಹೌದಾ," ಎಂದರು. "ಬರ್ದ ಪೆನ್ನು ಕೂಡ ಕಣ್ಮುಂದೆ ಇದೆ ನನ್ಗೆ. ವಿಚಿತ್ರ. ಹಾಗಾದ್ರೆ ಅಂಕಣಾನೂ ನಾನೇ ತುಂಬಿರ್ಬೇಕು. ನಿನ್ಗೆ ತೊಂದ್ರೆ ಕೊಟ್ಟೆ, ಬೇಜಾರ್ ಮಾಡ್ಕೋಬೇಡ."

ಕ್ಷಮೆ ಕೇಳಿದವರು ಅವರು! ನಾನು "ಪರವಾಗಿಲ್ಲ ಬಿಡಿ" ಎಂದೆ. ಎಂಥ ನಾಲಿಗೆ ನನ್ನದು, ಕಿತ್ತು ಬಿಸಾಡಬೇಕು.

ಹತ್ತು ದಿನ ಕಳೆದವು. ಕೆಲಸ ಎಂದಿನ ಹಾಗೆ ಸಾಗಿತು. ಗುರುಗ್ರಹದ ಚಂದ್ರನೊಂದು, ಸ್ಫೋಟಗೊಂಡ ಯಾವುದೋ ತಾರೆ, ಒಂದು ಧೂಮಕೇತು, ಎಲ್ಲವನ್ನೂ ಪಟ್ಟಿಗೆ ಕೂರಿಸಿದೆ. ಖಾಲಿ ಅಂಕಣ ಕಂಡಾಗಲೆಲ್ಲ ಫೋನ್ ಮಾಡಿ ಕೇಳಿದೆ. ಕೈಚೀಲವನ್ನು ಸ್ನಾನದ ಮನೆಗೂ ಒಯ್ಯುತ್ತಿದ್ದೆ, ಯಾರಾದರೂ ತೆರೆದಾರೆಂದು. ಒಂಟಿಯಾಗಿ ಬಾಳುವ ಹೆಂಗಸಿನ ಚೀಲ ತೆರೆಯುವವರು ಯಾರು?

ಗುರುವಾರ ಹಾಳಾದ ಸುತ್ತುಗಳ ವಿಚಾರಣೆಯ ಸಭೆ. ಅದಕ್ಕೆ ಹೋಗುವ ಮುಂಚೆ ಡೆಲ್ರಾಯ್ ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಓಕ್ಸ್ ಪತ್ರ ಬರ್ದಿದಾರೆ. ಮತ್ತೆ ಸುತ್ತು ಬೇಡ್ವಂತೆ. ಗಾಜಿನ ಫಲಕ, ನೋಟ್ಸು ಎಲ್ಲಾ ನಾನು ಇಟ್ಕೋಬೇಕಂತೆ. ಕಾರಿನ ಕೀನ ತಂಗಿ ಮಗನಿಗೆ ಕೊಟ್ಬಿಟ್ರಂತೆ. 'ನನ್ನ ತಲೆ ಮೇಲೆ ನನಗೆ ಭರವಸೆ ಇಲ್ಲ' ಅಂತ ಬರ್ದಿದಾರೆ ಕಣೆ. ಓದೋಕಾಗಲ್ಲ."

ನಾನು ಎದ್ದೆ. ಕೈಚೀಲ ಎತ್ತಿಕೊಂಡೆ.

ಸಭೆಯಲ್ಲಿ ನಮ್ಮ ಮುಖ್ಯಸ್ಥ ಬರ್ನಾರ್ಡ್ ಹುಡಾಕ್, "ಓಕ್ಸ್, ಎರಡು ಸುತ್ತು, ಕೇಳಿದವರ ತಪ್ಪು, ಮರುವೀಕ್ಷಣೆ ಇಲ್ಲ. ಮುಂದಿನದು" ಎಂದು ಹಾಳೆ ತಿರುವಿದರು. ಅಷ್ಟೇ ಹೊತ್ತು ಸಾಕು ನಲವತ್ತೊಂದು ವರ್ಷಕ್ಕೆ.

"ಅವರ ತಪ್ಪಲ್ಲ," ಎಂದೆ. ಲಕೋಟೆಯನ್ನು ಮೇಜಿನ ಮೇಲಿಟ್ಟೆ. "ಅಂಕಣ ತುಂಬಿದ್ದು ನಾನು. ಕೇಳ್ಲಿಲ್ಲ. ಬೇಡ ಅಂತ ಅವರು ಬರ್ದೂ ಇದ್ರು."

ಬರ್ನಾರ್ಡ್ ಓದಿ ಕನ್ನಡಕ ತೆಗೆದರು. "ಇದು ಯಾವಾಗ ಸಿಕ್ತು ನಿನಗೆ?"

"ಹೋದ ವಾರದ ಸೋಮವಾರ. ಅವರೇ ಫೋನ್ ಮಾಡಿ ಕೇಳಿದ್ರು. ಸಿಕ್ಕಿಲ್ಲ ಅಂದೆ."

ಡೆಲ್ರಾಯ್ ನನ್ನ ಕಡೆ ತಿರುಗಿ ನೋಡಿದ, ಮತ್ತೆ ಕಿಟಕಿಯ ಕಡೆ ತಿರುಗಿಕೊಂಡ. ಮರುವೀಕ್ಷಣೆಗೆ ಒಪ್ಪಿಗೆ ಸಿಕ್ಕಿತು. ಮೇ ಹದಿನೆಂಟು, ಎರಡೂ ಸುತ್ತು. ನನ್ನ ವಿಷಯ ಆಮೇಲೆ ನೋಡೋಣ ಎಂದರು.

ಕೋಣೆಗೆ ಬಂದು ನೇರ ಡೆಲ್ರಾಯ್ ಮೇಜಿಗೆ ಹೋಗಿ ಚಿಪ್ಪನ್ನು ಎತ್ತಿಕೊಂಡೆ. ಬೈಯಲಿ, ಆಡಿಕೊಳ್ಳಲಿ, ಲಾಲಿ ಹಾಡಲಿ ಎಂದು ಕಾದೆ. ಅವನು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತನ್ನ ಮೇಜಿನ ಮೇಲೆಯೇ ಇಟ್ಟ.

"ಇದು ತಪ್ಪು ಮಾಡಿದವರಿಗೆ, ಲೊರೆಟ್ಟಾ. ಇಲ್ಲಿರೋರೆಲ್ಲ ಮಾಡಿದೀವಿ. ನೀನು ಮಾಡಿದ್ದಕ್ಕೆ ಇಡೋಕೆ ನಮ್ಮ ಹತ್ರ ಏನೂ ಇಲ್ಲ."

ಓಕ್ಸ್ ಅವರಿಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಹಾಗಾದ್ರೆ ನಾನು ಬರ್ದಿದ್ದೆ," ಎಂದರು. ದನಿ ಮಗುವಿನದರ ಹಾಗೆ ಏರಿತು. "ಬರ್ದಿದ್ದೆ! ಡಾಕ್ಟರ ಹತ್ರ ಹೋಗಿದ್ದೆ ಗೊತ್ತಾ? ಗಡಿಯಾರ ಬರೀರಿ ಅಂದ್ರು, ನೂರರಿಂದ ಏಳೇಳು ಕಳೀರಿ ಅಂದ್ರು. ಎಲ್ಲಾ ಸರಿ ಮಾಡ್ದೆ. ಆದ್ರೂ ನಂಬಿಕೆ ಬರ್ಲಿಲ್ಲ. ಬರೀದೇ ಇರೋ ಕಾಗದ ಬರ್ದ ನೆನಪಿದ್ರೆ, ಆ ತಲೆ ಇಟ್ಕೊಂಡು ಏನ್ಮಾಡ್ಲಿ?" ಆಮೇಲೆ ದನಿ ಇಳಿಯಿತು. "ಅವತ್ತು ನಾನು ಫೋನ್ ಮಾಡ್ದಾಗ ಅದು ನಿನ್ ಹತ್ರಾನೇ ಇತ್ತಾ?"

"ನನ್ ಹತ್ರಾನೇ ಇತ್ತು."

"ಹೂಂ," ಎಂದರು. "ಹೊಸ ಲೆಕ್ಕ ಕಳಿಸ್ತೀನಿ." ಫೋನ್ ಇಟ್ಟರು.

ಲೆಕ್ಕ ಬಂತು. ಒಂದೇ ಗುಣಾಕಾರವನ್ನು ಮೂರು ಸಲ ಮಾಡಿದ್ದರು, ಮೂರು ಹಾಳೆಯಲ್ಲಿ. ಕೊನೆಯ ಅಂಕಿಯವರೆಗೂ ಮೂರೂ ಒಂದೇ, ಮೊದಲ ಸಲ ಕಳಿಸಿದ್ದೂ ಅದೇ. ಕೆಳಗೆ "ದಯವಿಟ್ಟು ಯಾರಾದರೂ ಸರಿ ನೋಡಿ" ಎಂದಿತ್ತು. ನಲವತ್ತೊಂದು ವರ್ಷ ತನ್ನ ಲೆಕ್ಕವನ್ನು ಯಾರ ಕೈಲೂ ಸರಿ ನೋಡಿಸದ ಹೆಂಗಸು. ಪೆಟ್ಟಿಗೆ ಇರಲಿಲ್ಲ, ಪಾಕ ಇರಲಿಲ್ಲ.

ಮೇ ಹತ್ತೊಂಬತ್ತರ ಬೆಳಿಗ್ಗೆ ಚಿತ್ರಗಳು ಇಳಿದವು. ಪರದೆಯ ನಟ್ಟನಡುವೆ ಬಿಳಿಯ ಕುಬ್ಜ, ಅದಕ್ಕೆ ಅಂಟಿಕೊಂಡಂತೆ ಸಣ್ಣ ಚುಕ್ಕೆ. ಅವರು ಗಾಜಿನ ಮೇಲೆ ಅಳೆದು ಹೇಳಿದ ಜಾಗದಲ್ಲೇ. ನನಗೆ ಅಳು ಬಂತು, ಅತ್ತೆ. ಫೋನ್ ಮಾಡಿದೆ.

"ಡಾಕ್ಟರ್ ಓಕ್ಸ್, ಇದೆ. ಎರಡೂ ಇವೆ. ನಡುವಲ್ಲೇ ಇದೆ, ನೀವು ಹೇಳಿದ ಕಡೇನೇ."

"ಸಂತೋಷ," ಎಂದರು, ತುಂಬ ಮರ್ಯಾದೆಯಿಂದ. "ಡೆಲ್ರಾಯ್ ಇದಾನಾ ಪಕ್ಕದಲ್ಲಿ? ಫೋನ್ ಅವನಿಗೆ ಕೊಡಮ್ಮ. ಅವನ ಬಾಯಲ್ಲಿ ಕೇಳ್ತೀನಿ."

ನಾನು ಫೋನನ್ನು ಅವನ ಕೈಗೆ ಕೊಟ್ಟೆ.